ಕೋಡ್ ಎಲ್ಲರಿಗೂ ಕಂಡರೆ ಕಳ್ಳರಿಗೂ ಕಾಣುತ್ತದಲ್ಲ?

ಪ್ರಶ್ನೆ: ಫೋನಿಗೆ ಓಪನ್ ಸೋರ್ಸ್ ಆ್ಯಪ್‌ಗಳೇ ಒಳ್ಳೆಯದು ಅಂತ ನೀವು ಯಾವಾಗಲೂ ಹೇಳುತ್ತೀರಿ. ಆದರೆ ಅವುಗಳ ಕೋಡ್ ಯಾರು ಬೇಕಾದರೂ ನೋಡಬಹುದಂತೆ. ಹಾಗಾದರೆ ಹ್ಯಾಕರ್‌ಗಳಿಗೂ ಸುಲಭ ಅಲ್ವಾ? ಅಂಥದ್ದರಲ್ಲಿ ಪಾಸ್‌ವರ್ಡ್ ಇಡಲು ಭಯವಾಗುತ್ತದೆ. ಯಾವ ಆ್ಯಪ್ ಹಾಕಿಕೊಳ್ಳಲಿ?

ಉತ್ತರ: ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ, ಲೆಕ್ಕ ತಪ್ಪಿದೆ. ಕೇಳುವ ಮಾತು ಆಚೀಚೆ ಆಗುತ್ತದೆ, ಒಳಗಿನ ಭಯ ಅದೇ. ಯಾವ ಆ್ಯಪ್ ಅನ್ನುವ ಕೊನೆಯ ಪ್ರಶ್ನೆ ನಿಜಕ್ಕೂ ಸುಲಭದ್ದು. ಆದರೆ ಭಯ ಹೋಗದೆ ನಾನು ಯಾವ ಹೆಸರು ಹೇಳಿದರೂ ನೀವು ಹಾಕಿಕೊಳ್ಳುವುದಿಲ್ಲ. ಹಾಕಿಕೊಂಡರೂ ವಾರದೊಳಗೆ ತೆಗೆಯುತ್ತೀರಿ. ಹಾಗಾಗಿ ಮೊದಲು ಭಯವನ್ನೇ ಹಿಡಿದುಕೊಳ್ಳೋಣ.

ಇದರೊಳಗೆ ಎರಡು ಗೊಂದಲ ಒಂದಕ್ಕೊಂದು ಅಂಟಿಕೊಂಡಿವೆ. ಒಂದು, ಕೋಡ್ ತೆರೆದಿದ್ದರೆ ನನ್ನ ಮಾಹಿತಿಯೂ ತೆರೆದಿರುತ್ತದೆ ಅನ್ನುವುದು. ಇದು ಪೂರ್ತಿ ತಪ್ಪು. ಕೋಡ್ ಅಂದರೆ ಆ್ಯಪ್ ಹೇಗೆ ಕೆಲಸ ಮಾಡಬೇಕು ಅಂತ ಬರೆದಿಟ್ಟ ಸೂಚನೆಗಳು, ಖಾಲಿ ಅರ್ಜಿ ನಮೂನೆ ಇದ್ದ ಹಾಗೆ. ಅದರಲ್ಲಿ ಯಾವ ಯಾವ ಕಲಂ ಇದೆ ಅಂತ ಎಲ್ಲರಿಗೂ ಗೊತ್ತು. ನೀವು ತುಂಬಿ, ಲಕೋಟೆಗೆ ಹಾಕಿ, ಅಂಟಿಸಿದ್ದು ಯಾರಿಗೂ ಗೊತ್ತಿಲ್ಲ. ಓಪನ್ ಸೋರ್ಸ್‌ನಲ್ಲಿ ಓಪನ್ ಆಗಿರುವುದು ಆ ಖಾಲಿ ನಮೂನೆ.

ಎರಡನೆಯದು ಸ್ವಲ್ಪ ಬುದ್ಧಿವಂತರ ಗೊಂದಲ. ಮಾಹಿತಿ ಕಾಣದಿದ್ದರೇನು, ಬೀಗ ಹೇಗೆ ಮಾಡಿದ್ದಾರೆ ಅಂತ ಕಳ್ಳನಿಗೆ ತಿಳಿಯಿತಲ್ಲ, ಇನ್ನು ಮುರಿಯಲು ಎಷ್ಟು ಹೊತ್ತು ಅನ್ನುವುದು. ಕೇಳಿದರೆ ಸರಿ ಅನ್ನಿಸುತ್ತದೆ. ದಿನವಿಡೀ ಕಂಪ್ಯೂಟರ್ ಮುಂದೆ ಕೂರುವವರೂ ಇದನ್ನೇ ಹೇಳುತ್ತಾರೆ. ಅದಕ್ಕೇ ಇದು ಸಾಯುವುದಿಲ್ಲ.

ಹಿಂದೊಮ್ಮೆ ಗೆಳೆಯನೊಬ್ಬ ಪಕ್ಕದಲ್ಲೇ ಕೂತು ಈ ವಾದ ಹೂಡಿದ. ಬಾಯಿ ನೋಯಿಸಿಕೊಳ್ಳುವುದು ಬೇಡ ಅಂತ ನಾನು ಫೋನಿನಲ್ಲಿ ಕೀಪಾಸ್‌ಡಿಎಕ್ಸ್ ತೆರೆದೆ. ಅದು ಪಾಸ್‌ವರ್ಡ್‌ಗಳನ್ನು ಒಂದು ಫೈಲಿನಲ್ಲಿ ಬೀಗ ಹಾಕಿ ಇಡುವ ಓಪನ್ ಸೋರ್ಸ್ ಆ್ಯಪ್. ಹೊಸ ಫೈಲ್ ಮಾಡಿ, ಅದರೊಳಗೆ ಒಂದು ಸುಳ್ಳು ಪಾಸ್‌ವರ್ಡ್ ಹಾಕಿ, ಅವನಿಗೇ ಕಳಿಸಿದೆ. "ತಗೋ, ಕೋಡೂ ಇಂಟರ್ನೆಟ್‌ನಲ್ಲಿದೆ, ಫೈಲೂ ನಿನ್ನ ಕೈಲಿದೆ, ತೆಗಿ ನೋಡೋಣ" ಅಂದೆ. ಅವನು ಲ್ಯಾಪ್‌ಟಾಪ್‌ನ ಟೆಕ್ಸ್ಟ್ ಎಡಿಟರ್‌ನಲ್ಲಿ ತೆರೆದ. ಪರದೆ ತುಂಬ ಚೌಕ, ಪ್ರಶ್ನೆ ಗುರುತು, ಯಾವ ಭಾಷೆಗೂ ಸೇರದ ಅಕ್ಷರದ ಚೂರುಗಳು. ಒಳಗಿಟ್ಟ ಪಾಸ್‌ವರ್ಡ್‌ನ ಮೊದಲ ನಾಲ್ಕು ಅಕ್ಷರ ನಾನೇ ಹೇಳಿಕೊಟ್ಟೆ. ಅದನ್ನು ಹಾಕಿ ಹುಡುಕಿಯೂ ನೋಡಿದ. ಸಿಗಲಿಲ್ಲ.

ಆಮೇಲೆ ಅವನಿಗೆ ಇನ್ನೊಂದು ವಿಷಯ ಹೇಳಿದೆ. ಅದನ್ನು ಕೇಳಿ ಅವನಿಗೆ ಜಾಸ್ತಿ ಆಶ್ಚರ್ಯವಾಯಿತು. ಆ ಫೈಲಿನ ತಲೆಭಾಗಕ್ಕೆ ಬೀಗವೇ ಇಲ್ಲ. ಒಳಗಿನದನ್ನು ಎಇಎಸ್ ಅನ್ನುವ ಗುಪ್ತಲಿಪಿ ವಿಧಾನದಿಂದ ಮುಚ್ಚಿದೆಯೋ ಚಾಚಾ20 ಅನ್ನುವುದರಿಂದ ಮುಚ್ಚಿದೆಯೋ, ಪಾಸ್‌ವರ್ಡ್‌ನಿಂದ ಬೀಗದ ಕೈ ತಯಾರಿಸಲು ಯಾವ ವಿಧಾನ, ಅದನ್ನು ಎಷ್ಟು ಸಲ ಸುತ್ತಿಸಬೇಕು, ಎಲ್ಲ ಅಲ್ಲೇ ಬರೆದಿರುತ್ತದೆ. ಮರೆತು ಬಿಟ್ಟದ್ದಲ್ಲ. ಆ್ಯಪ್‌ಗೆ ಮತ್ತೆ ಫೈಲ್ ತೆರೆಯಲು ಅಷ್ಟು ಗೊತ್ತಿರಲೇಬೇಕು. ಕಳ್ಳ ಅದನ್ನು ಓದಿಕೊಂಡರೂ ಪರವಾಗಿಲ್ಲ ಅನ್ನುವ ಲೆಕ್ಕದಲ್ಲೇ ಇಡೀ ಬೀಗ ಮಾಡಿದ್ದಾರೆ. ಬೀಗದ ಕೈ ತಯಾರಿಸುವ ಆ ವಿಧಾನಗಳಲ್ಲಿ ಒಂದಕ್ಕೆ ಆರ್ಗಾನ್2 ಅಂತ ಹೆಸರು. ಅದು ಬೇಕಂತಲೇ ನಿಧಾನ, ಬೇಕಂತಲೇ ಮೆಮೊರಿ ತಿನ್ನುತ್ತದೆ. ಫೈಲ್ ತೆರೆಯುವಾಗ ಫೋನ್ ಒಂದು ಕ್ಷಣ ತಡೆಯುತ್ತದಲ್ಲ, ಅದು ಇದೇ. ನೀವು ಒಂದು ಸಲ ಕಾಯುತ್ತೀರಿ. ಊಹೆ ಮಾಡಿ ತೆರೆಯಲು ಹೊರಟವನು ಪ್ರತಿ ಊಹೆಗೂ ಅಷ್ಟು ಕೆಲಸ ಮಾಡಬೇಕು. ಹಾಗಂತ ನಿಮ್ಮ ಮುಖ್ಯ ಪಾಸ್‌ವರ್ಡ್ 123456 ಆಗಿದ್ದರೆ ಯಾವ ಆ್ಯಪ್ ಬಂದರೂ ಏನೂ ಮಾಡಲಾಗದು. ಅದು ಕೋಡ್ ಮುಚ್ಚಿಟ್ಟ ಆ್ಯಪ್‌ಗೂ ಅನ್ವಯಿಸುತ್ತದೆ.

ಇದು ಈಗಿನವರ ಹುಚ್ಚಾಟ ಅಂದುಕೊಳ್ಳಬೇಡಿ. 1883ರಲ್ಲೇ ಓಗ್ಯುಸ್ಟ್ ಕೆರ್ಕಾಫ್ಸ್ ಅನ್ನುವ ಗುಪ್ತಲಿಪಿ ತಜ್ಞ ಸೈನ್ಯದ ಗುಪ್ತಲಿಪಿಗಳ ಬಗ್ಗೆ ಬರೆಯುವಾಗ ಇದನ್ನು ಹೇಳಿದ್ದ. ವಿಧಾನ ಶತ್ರುವಿನ ಕೈಗೆ ಸಿಕ್ಕರೂ ತೊಂದರೆ ಆಗಬಾರದು, ಗುಟ್ಟೆಲ್ಲ ಕೀಲಿಯಲ್ಲಿರಬೇಕು. ಕಾರಣ ಸರಳ. ಕೀಲಿ ಕಳೆದರೆ ಬದಲಿಸಬಹುದು. ಇಡೀ ಸೈನ್ಯದ ಕೈಲಿರುವ ವಿಧಾನವನ್ನು ರಾತ್ರೋರಾತ್ರಿ ಬದಲಿಸಲಾಗದು.

ನಿಮ್ಮ ಬ್ಯಾಂಕ್ ಆ್ಯಪ್‌ನ ಕೋಡ್ ಮುಚ್ಚಿದೆ, ನಿಜ. ಆದರೆ ಅದು ನೆಚ್ಚಿಕೊಂಡಿರುವ ಎಇಎಸ್‌ನಂಥ ವಿಧಾನಗಳು ಹುಟ್ಟಿದ್ದು ಹೇಗೆ ಗೊತ್ತೇ? 1997ರಲ್ಲಿ ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ ಬಹಿರಂಗವಾಗಿ ಸ್ಪರ್ಧೆ ಕರೆಯಿತು. 15 ವಿಧಾನಗಳು ಕಣಕ್ಕೆ ಬಂದವು. ಅವುಗಳಲ್ಲಿ ತೂತು ಹುಡುಕಿ ಅಂತ ಜಗತ್ತಿನ ಗುಪ್ತಲಿಪಿ ತಜ್ಞರನ್ನೆಲ್ಲ ಕರೆದರು. ಎದುರಾಳಿಗಳೇ ಒಬ್ಬರದನ್ನೊಬ್ಬರು ಮುರಿಯಲು ನೋಡಿದರು. ಕೊನೆಗೆ 2000ದಲ್ಲಿ ಇಬ್ಬರು ಬೆಲ್ಜಿಯಂನವರು ಮಾಡಿದ್ದು ಗೆದ್ದಿತು, 2001ರಲ್ಲಿ ಮಾನಕವಾಯಿತು. ಅಲ್ಲಿಂದ ಇಲ್ಲಿಯವರೆಗೆ ಎಇಎಸ್ ಹೇಗೆ ಕೆಲಸ ಮಾಡುತ್ತದೆ ಅನ್ನುವುದು ಪಠ್ಯಪುಸ್ತಕದಲ್ಲಿದೆ. ಮುಚ್ಚಿದ ಆ್ಯಪ್‌ಗಳೂ ಇದೇ ತೆರೆದ ಬೀಗವನ್ನೇ ಬಳಸುತ್ತವೆ.

ಉಲ್ಟಾ ಉದಾಹರಣೆ ಮೊಬೈಲ್‌ನಲ್ಲೇ ಇದೆ. ಹಳೆಯ 2ಜಿ ಕರೆಗಳನ್ನು ಮುಚ್ಚಲು ಎ5/1 ಅಂತ ಒಂದು ವಿಧಾನ ಇತ್ತು. 1980ರ ದಶಕದಲ್ಲಿ ಮಾಡಿದ್ದು. ಗುಟ್ಟಾಗಿ ಇಟ್ಟರು. 1994ರ ಹೊತ್ತಿಗೆ ಅದರ ಅಂದಾಜು ರೂಪ ಹೊರಬಿತ್ತು. 1999ರಲ್ಲಿ ಫೋನನ್ನೇ ಬಗೆದು ಪೂರ್ತಿ ವಿಧಾನವನ್ನು ಹೊರತೆಗೆದರು. ಹೊರಗೆ ಬಂದ ಮೇಲೆ ನೋಡಿದರೆ ಅದು ದುರ್ಬಲ. ಅಷ್ಟರಲ್ಲಿ ಅದು ಕೋಟಿಗಟ್ಟಲೆ ಫೋನ್‌ಗಳೊಳಗೆ ಕೂತಾಗಿತ್ತು. ಮುಚ್ಚಿಟ್ಟದ್ದರಿಂದ ಲಾಭ ಆಗಿದ್ದು ಯಾರಿಗೆ?

ಇನ್ನೊಂದು ಸಣ್ಣ ವಿಷಯ. ಆ್ಯಂಡ್ರಾಯ್ಡ್ ಆ್ಯಪ್ ಅಂದರೆ ಎಪಿಕೆ ಫೈಲ್. ಎಪಿಕೆ ಅಂದರೆ ವಾಸ್ತವದಲ್ಲಿ ಜಿಪ್ ಫೈಲ್. ಹೆಸರಿನ ಬಾಲ ಬದಲಿಸಿ ಲ್ಯಾಪ್‌ಟಾಪ್‌ನಲ್ಲಿ ಬಿಚ್ಚಿ ನೋಡಿ, ಬಿಚ್ಚುತ್ತದೆ. ಒಳಗಿನ ಕೋಡನ್ನು ಮತ್ತೆ ಓದುವಂತೆ ಮಾಡುವ ಉಪಕರಣಗಳು ಪುಕ್ಕಟೆ ಸಿಗುತ್ತವೆ. ಹಾಗೆ ಸಿಗುವ ಕೋಡ್ ಅಡ್ಡಾದಿಡ್ಡಿ, ಹೆಸರುಗಳೆಲ್ಲ ಮಾಯ, ನಿಜ. ಆದರೆ ತೂತು ಹುಡುಕುವುದೇ ಕಸುಬಾದವನಿಗೆ ಅಷ್ಟು ಸಾಕು. ಸಾಕಾಗದಿರುವುದು, ಬಿಡುವಿದ್ದಾಗ ಕೂತು ಓದಿ "ಇಲ್ಲೊಂದು ತಪ್ಪಿದೆ ನೋಡಿ" ಅಂತ ತಿಳಿಸುವ ಒಳ್ಳೆಯವನಿಗೆ.

ಹಾಗಾದರೆ ಓಪನ್ ಸೋರ್ಸ್‌ನಲ್ಲಿ ತೂತೇ ಇರುವುದಿಲ್ಲವೇ? ಇರುತ್ತದೆ. ಇರುವುದೇ ಇಲ್ಲ ಅಂತ ನಮ್ಮ ಕಡೆಯವರೇ ಕೆಲವರು ಹೇಳಿಕೊಂಡು ತಿರುಗುತ್ತಾರೆ, ಅವರಿಗೂ ಒಂದು ಮಾತು. ಎಲ್ಲರೂ ನೋಡಬಹುದು ಅಂದ ಮಾತ್ರಕ್ಕೆ ಯಾರಾದರೂ ನೋಡಿದ್ದಾರೆ ಅಂತ ಆಗುವುದಿಲ್ಲ. ನೆಟ್ ಸಂಪರ್ಕಕ್ಕೆ ಬೀಗ ಹಾಕಲು ಅರ್ಧ ಇಂಟರ್ನೆಟ್ ನೆಚ್ಚಿಕೊಂಡಿದ್ದ ಓಪನ್‌ಎಸ್‌ಎಸ್‌ಎಲ್ ಅನ್ನುವ ಸಲಕರಣೆಯಲ್ಲಿ ಹಾರ್ಟ್‌ಬ್ಲೀಡ್ ಅನ್ನುವ ತೂತು 2012ರಿಂದ 2014ರವರೆಗೆ ಎಲ್ಲರ ಕಣ್ಣೆದುರೇ ಕೂತಿತ್ತು.

2024ರ ಮಾರ್ಚ್‌ನದು ಇನ್ನೂ ರೋಚಕ. ಎಕ್ಸ್‌ಝಡ್ ಅನ್ನುವ, ಫೈಲ್ ಕುಗ್ಗಿಸುವ ಒಂದು ಸಣ್ಣ ಸಲಕರಣೆ. ಎರಡು ವರ್ಷಕ್ಕೂ ಜಾಸ್ತಿ ಕಾಲ ಒಳ್ಳೆಯ ಕೆಲಸ ಮಾಡಿ ನಂಬಿಕೆ ಗಳಿಸಿದವನೊಬ್ಬ ಅದರೊಳಗೆ ಹಿಂಬಾಗಿಲು ಇಟ್ಟುಬಿಟ್ಟ. ಆಂಡ್ರೆಸ್ ಫ್ರಾಯಂಡ್ ಅನ್ನುವ ಎಂಜಿನಿಯರ್ ಬೇರೇನೋ ಪರೀಕ್ಷೆ ಮಾಡುತ್ತಿದ್ದರು. ಸರ್ವರ್‌ಗೆ ಲಾಗಿನ್ ಆಗಲು ಮಾಮೂಲಿಗಿಂತ ಸುಮಾರು ಅರ್ಧ ಸೆಕೆಂಡ್ ಜಾಸ್ತಿ ಹಿಡಿಯುತ್ತಿತ್ತು. ನಾನು, ನೀವು ನೆಟ್ ನಿಧಾನ ಅಂದುಕೊಂಡು ಸುಮ್ನೆ ಇರುತ್ತಿದ್ದೆವು. ಅವರು ಬೆನ್ನು ಹತ್ತಿದರು. ಕೋಡ್ ಕೈಲಿದ್ದದ್ದರಿಂದ ಮೂಲದವರೆಗೆ ಹೋಗಲು ಆಯಿತು, ಅದು ಬಹುಪಾಲು ಸರ್ವರ್‌ಗಳಿಗೆ ಹರಡುವ ಮೊದಲೇ ಸಿಕ್ಕಿಬಿತ್ತು.

ಈ ಕತೆಯಲ್ಲಿ ಆ್ಯಪ್ ಆರಿಸುವವರಿಗೆ ಬೇಕಾದ ಒಂದು ಎಳೆ ಇದೆ. ಹಿಂಬಾಗಿಲನ್ನು ಚಾಲೂ ಮಾಡುವ ತುಂಡು ಎಲ್ಲರೂ ನೋಡುವ ಕೋಡ್ ಭಂಡಾರದಲ್ಲಿ ಇರಲಿಲ್ಲ. ಹಂಚಲು ಕಟ್ಟಿಟ್ಟ ಪೊಟ್ಟಣದಲ್ಲಿ ಮಾತ್ರ ಇತ್ತು. ಅಂದರೆ ಕೋಡ್ ತೆರೆದಿದೆ ಅನ್ನುವುದು ಒಂದು ಮಾತು, ನಿಮ್ಮ ಫೋನಿಗೆ ಬಂದದ್ದು ಅದೇ ಕೋಡಿನಿಂದ ಕಟ್ಟಿದ್ದು ಅನ್ನುವುದು ಇನ್ನೊಂದು ಮಾತು. ಎಫ್-ಡ್ರಾಯ್ಡ್ ಬೇಕಾಗುವುದು ಇದಕ್ಕೇ. 2010ರಿಂದ ಇರುವ ಈ ಆ್ಯಪ್ ಭಂಡಾರ ಆ್ಯಪ್ ಮಾಡಿದವರು ಕಟ್ಟಿಕೊಟ್ಟದ್ದನ್ನು ಸುಮ್ಮನೆ ಹಂಚುವುದಿಲ್ಲ. ಮೂಲ ಕೋಡ್ ತಂದು ತಾನೇ ಕಟ್ಟುತ್ತದೆ, ಇಲ್ಲವೇ ತಾನು ಕಟ್ಟಿದ್ದೂ ಅವರು ಕೊಟ್ಟದ್ದೂ ಒಂದೇ ಅಂತ ತಾಳೆ ನೋಡುತ್ತದೆ. ಜಾಹೀರಾತು, ಬೇಹುಗಾರಿಕೆ, ಮುಚ್ಚಿದ ಸೇವೆಯ ಅವಲಂಬನೆ ಇದ್ದರೆ ಆ್ಯಪ್‌ನ ಪುಟದಲ್ಲೇ ಬರೆದು ಎಚ್ಚರಿಸುತ್ತದೆ. ಅದನ್ನು ಓದಿ. ಯಾರೂ ಓದುವುದಿಲ್ಲ.

ಓಪನ್ ಸೋರ್ಸ್ ಆದ ತಕ್ಷಣ ಖಾಸಗಿತನ ಬಂದುಬಿಡುವುದಿಲ್ಲ ಅನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಟೆಲಿಗ್ರಾಂ ಆ್ಯಪ್‌ನ ಕೋಡ್ ತೆರೆದಿದೆ. ಆದರೂ ಅದರ ಮಾಮೂಲಿ ಚಾಟ್‌ಗಳು ಎಂಡ್-ಟು-ಎಂಡ್ ಎನ್‌ಕ್ರಿಪ್ಟ್ ಆಗುವುದಿಲ್ಲ, ಅಂದರೆ ಕಳಿಸಿದವರು, ಪಡೆದವರು ಮಾತ್ರ ಓದುವಂತೆ ಮುಚ್ಚಿರುವುದಿಲ್ಲ, ಸೀಕ್ರೆಟ್ ಚಾಟ್ ಅಂತ ಬೇರೆ ತೆರೆಯಬೇಕು. ವಾಟ್ಸಾಪ್ ಮುಚ್ಚಿದ ಆ್ಯಪ್. ಆದರೂ ಸಿಗ್ನಲ್ ಅನ್ನುವ ಓಪನ್ ಸೋರ್ಸ್ ಮೆಸೇಜ್ ಆ್ಯಪ್‌ನವರು ಮಾಡಿದ ತೆರೆದ ವಿಧಾನವನ್ನೇ ಬಳಸಿ ಸಂದೇಶ ಮುಚ್ಚುತ್ತದೆ. ಸಂದೇಶ ಮುಚ್ಚಿದರೂ ಯಾರು ಯಾರೊಂದಿಗೆ ಯಾವಾಗ ಮಾತಾಡಿದರು ಅನ್ನುವ ಲೆಕ್ಕ ಬೇರೆ ಇರುತ್ತದೆ. 2016ರಲ್ಲಿ ಅಮೆರಿಕದ ತನಿಖೆಯೊಂದರಲ್ಲಿ ಸಿಗ್ನಲ್‌ಗೆ ಬಳಕೆದಾರರ ಮಾಹಿತಿ ಕೊಡಿ ಅಂತ ಆದೇಶ ಬಂತು. ಅವರ ಹತ್ತಿರ ಕೊಡಲು ಇದ್ದದ್ದು ಎರಡೇ: ಖಾತೆ ತೆರೆದ ಸಮಯ, ಕೊನೆಯ ಸಲ ಸಂಪರ್ಕಕ್ಕೆ ಬಂದ ದಿನ. ಕೂಡಿಡದೆ ಇದ್ದದ್ದನ್ನು ಯಾರೂ ಕೇಳಿ ಪಡೆಯಲಾಗದು. ಆ್ಯಪ್ ಆರಿಸುವಾಗ ನಾನು ಕೋಡ್‌ಗಿಂತ ಮೊದಲು ನೋಡುವುದು ಇದನ್ನೇ, ಏನೇನು ಕೂಡಿಡುತ್ತದೆ ಅಂತ. ಆಮೇಲೆ ಕೊನೆಯ ಅಪ್‌ಡೇಟ್ ಯಾವಾಗ ಬಂದದ್ದು ಅಂತ. ಎರಡು ವರ್ಷದಿಂದ ಯಾರೂ ಮುಟ್ಟದ ಆ್ಯಪ್ ಎಷ್ಟೇ ತೆರೆದಿದ್ದರೂ ನನಗೆ ಬೇಡ.

ಸರಿ, ಹೆಸರುಗಳು. ಪಾಸ್‌ವರ್ಡ್‌ಗೆ ಕೀಪಾಸ್‌ಡಿಎಕ್ಸ್, ಎರಡು ಮೂರು ಸಾಧನಗಳಲ್ಲಿ ಬೇಕಾದರೆ ಬಿಟ್‌ವಾರ್ಡನ್. ಲಾಗಿನ್‌ನಲ್ಲಿ ಪಾಸ್‌ವರ್ಡ್ ಆದ ಮೇಲೆ ಕೇಳುವ ಎರಡನೇ ಹಂತದ ಅಂಕಿ ಕೋಡ್‌ಗೆ ಏಜಿಸ್. ಬ್ರೌಸರ್‌ಗೆ ಫೈರ್‌ಫಾಕ್ಸ್, ಜೊತೆಗೆ ಜಾಹೀರಾತು ತಡೆಯುವ ಯುಬ್ಲಾಕ್ ಒರಿಜಿನ್ ಹಾಕಿ, ಮರೆಯಬೇಡಿ. ಮೆಸೇಜಿಗೆ ಸಿಗ್ನಲ್. ಮೇಲ್‌ಗೆ ಥಂಡರ್‌ಬರ್ಡ್. ನಕ್ಷೆಗೆ ಓಎಸ್‌ಎಂಆ್ಯಂಡ್ ಅಥವಾ ಆರ್ಗಾನಿಕ್ ಮ್ಯಾಪ್ಸ್. ವಿಡಿಯೊಗೆ ವಿಎಲ್‌ಸಿ. ಐಫೋನ್‌ನವರಿಗೆ ಏಜಿಸ್, ಕೀಪಾಸ್‌ಡಿಎಕ್ಸ್‌ನಂಥ ಕೆಲವು ಸಿಗುವುದಿಲ್ಲ. ಕೀಪಾಸ್ ಫೈಲ್ ತೆರೆಯಲು ಅವರಿಗೆ ಕೀಪ್ಯಾಸಿಯಂ ಇದೆ.

ಎಲ್ಲವನ್ನೂ ಒಂದೇ ಭಾನುವಾರ ಬದಲಿಸಲು ಹೋಗಬೇಡಿ. ನಾನು ಹೋಗಿದ್ದೆ. ಪ್ಲೇ ಸ್ಟೋರ್‌ನಿಂದ ಹಾಕಿದ್ದ ಎರಡನೇ ಹಂತದ ಕೋಡ್ ಆ್ಯಪ್ ಮೇಲೆ ಎಫ್-ಡ್ರಾಯ್ಡ್‌ನದನ್ನು ಹಾಕಲು ನೋಡಿದೆ. ಎರಡರಲ್ಲೂ ಕಟ್ಟಿದವರು ಹಾಕಿದ ಡಿಜಿಟಲ್ ಸಹಿ ಬೇರೆ, ಹಾಗಾಗಿ ಫೋನ್ ಒಪ್ಪಲಿಲ್ಲ. ಹಳೆಯದನ್ನು ತೆಗೆದುಹಾಕಿ ಹೊಸದನ್ನು ಹಾಕಿದೆ. ಬ್ಯಾಕಪ್ ತೆಗೆದಿರಲಿಲ್ಲ. ಒಂಬತ್ತು ಖಾತೆಗಳೊಳಗೆ ಮತ್ತೆ ಹೋಗಲು ನಾಲ್ಕು ದಿನ ಹಿಡಿಯಿತು. ಊರಿಗೆಲ್ಲ ಪಾಠ ಹೇಳುವವನ ಕತೆ ಇದು.

ನೀವು ಕೇಳದ ಒಂದು ವಿಷಯ ಉಳಿದಿದೆ, ಕೀಬೋರ್ಡ್. ಮೆಸೇಜ್ ಆ್ಯಪ್ ಆರಿಸಲು ಹತ್ತು ದಿನ ಯೋಚಿಸುವವರು ಕೀಬೋರ್ಡ್ ಕಡೆ ತಿರುಗಿಯೂ ನೋಡುವುದಿಲ್ಲ. ಸಿಗ್ನಲ್ ಸಂದೇಶವನ್ನು ಮುಚ್ಚುವುದು ನೀವು ಟೈಪ್ ಮಾಡಿದ ಮೇಲೆ. ಕೀಬೋರ್ಡ್ ಅದಕ್ಕೂ ಮೊದಲೇ ಪ್ರತಿ ಅಕ್ಷರ ನೋಡಿಯಾಗಿರುತ್ತದೆ. ಕ್ಯಾಮೆರಾ ಬೇಕಾದರೆ ಆ್ಯಪ್ ನಿಮ್ಮನ್ನು ಕೇಳಬೇಕು. ಆದರೆ ಮಾಮೂಲಿ ಆ್ಯಂಡ್ರಾಯ್ಡ್‌ನಲ್ಲಿ ಇಂಟರ್ನೆಟ್‌ಗೆ ಹೋಗಲು ಯಾವ ಆ್ಯಪ್ ಕೂಡ ನಿಮ್ಮನ್ನು ಕೇಳುವುದಿಲ್ಲ. ತಯಾರಿಸುವಾಗ ಒಂದು ಸಾಲು ಬರೆದುಕೊಂಡರೆ ಆಯಿತು. ಕೀಬೋರ್ಡ್‌ಗೆ ನನ್ನ ಆಯ್ಕೆ ಹೀಲಿಬೋರ್ಡ್, ಯಾಕಂದರೆ ಅದು ಆ ಸಾಲನ್ನೇ ಬರೆದುಕೊಂಡಿಲ್ಲ. ನೆಟ್ ಕಡೆ ಹೋಗುವ ಅನುಮತಿಯೇ ಅದಕ್ಕಿಲ್ಲ.

ಅದನ್ನು ಹಾಕಿಕೊಂಡ ತಕ್ಷಣ ನನಗೆ ಬರುವ ಪತ್ರವೂ ಗೊತ್ತಿದೆ: "ನೀವು ಹೇಳಿದ್ದು ಹಾಕಿದೆ, ಇದು ನೀವು ಟೈಪ್ ಮಾಡುವ ಪಾಸ್‌ವರ್ಡ್, ಕಾರ್ಡ್ ನಂಬರ್ ಎಲ್ಲ ಸಂಗ್ರಹಿಸಬಹುದು ಅಂತ ಫೋನೇ ಹೇಳ್ತಿದೆ!" ಹೌದು, ಹೇಳುತ್ತದೆ. ಹೊರಗಿನಿಂದ ಹಾಕಿದ ಯಾವ ಕೀಬೋರ್ಡ್‌ಗೂ ಆ್ಯಂಡ್ರಾಯ್ಡ್ ಅದೇ ವಾಕ್ಯ ತೋರಿಸುತ್ತದೆ. ಫೋನಿನ ಜೊತೆಗೇ ಬಂದ ಕೀಬೋರ್ಡ್ ಕೂಡ ಅಷ್ಟನ್ನೂ ನೋಡಬಲ್ಲದು, ಅದಕ್ಕೆ ಮಾತ್ರ ಎಚ್ಚರಿಕೆ ತೋರಿಸುವುದಿಲ್ಲ.

ಒಂದು ಕೊರತೆ ಇದೆ. ಬೆರಳು ಎತ್ತದೆ ಅಕ್ಷರಗಳ ಮೇಲೆ ಎಳೆದು ಬರೆಯುವ ಸೌಲಭ್ಯ ಹೀಲಿಬೋರ್ಡ್‌ನಲ್ಲಿ ತಾನಾಗಿ ಇರುವುದಿಲ್ಲ. ಬೇಕಾದರೆ ಅದಕ್ಕೊಂದು ಮುಚ್ಚಿದ ಕೋಡಿನ ಫೈಲನ್ನು ನೀವೇ ತಂದು ಸೇರಿಸಬೇಕು. ನಾನು ಸೇರಿಸಿಲ್ಲ. ಈ ಉತ್ತರವನ್ನೂ ಒಂದೊಂದೇ ಅಕ್ಷರ ಒತ್ತಿ ಬರೆದದ್ದು, ಹೆಬ್ಬೆರಳು ನೋಯುತ್ತಿದೆ.