ಜೀಪಿನ ಹಿಂಬದಿ ಕೂರುವುದೇಕೆ: ಪ್ಲೇಟಿನಿಂದ ಚಾಸಿಯವರೆಗೆ ಬೆಳೆದ ಒಂದು ಸಮಸ್ಯೆಯ ಹಿನ್ನೆಲೆ

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಮುಳ್ಳೇರಿಯ, ಪೆರ್ಲ, ಅಡೂರು ಕಡೆಯ ಗ್ಯಾರೇಜುಗಳಿಗೆ ಬರುವ ಜೀಪು ಮತ್ತು ಪಿಕಪ್‌ಗಳ ಬಗ್ಗೆ ಕೇಳಿಬರುವ ಒಂದು ದೂರು ಹಲವು ದಶಕಗಳಿಂದ ಬದಲಾಗಿಲ್ಲ. ಲೋಡು ಹಾಕಿದ ಕೂಡಲೇ ಹಿಂಬದಿ ಕೂರುತ್ತದೆ, ಮುಂಭಾಗ ಏಳುತ್ತದೆ, ಹೊಂಡಕ್ಕೆ ಇಳಿದಾಗಲೆಲ್ಲ ಹಿಂದಿನ ಚಕ್ರಗಳನ್ನು ಜೋಡಿಸುವ ಆಕ್ಸಲ್ಲಿನ ಕವಚವಾದ ಹೌಸಿಂಗು ಮೇಲಿನ ರಬ್ಬರಿಗೆ ಬಡಿಯುತ್ತದೆ, ಕೊನೆಗೊಂದು ದಿನ ಗುಡ್ಡೆಯ ನಡುವೆ ಪ್ಲೇಟು, ಅಂದರೆ ಸ್ಪ್ರಿಂಗಿನ ಉಕ್ಕಿನ ಪಟ್ಟಿ, ತುಂಡಾಗುತ್ತದೆ. ಇದಕ್ಕೆ ಮಾಡುವ ಉಪಾಯವೂ ಬದಲಾಗಿಲ್ಲ. ಇನ್ನೊಂದು ಪ್ಲೇಟು ಸೇರಿಸಿದರೆ ಆಯಿತು ಎಂಬ ಮಾತೇ ಇಂದಿಗೂ ನಡೆಯುತ್ತಿದೆ. ಈ ಉಪಾಯವು ಸಮಸ್ಯೆಯನ್ನು ಬಗೆಹರಿಸಿದ್ದಕ್ಕಿಂತ ಹೆಚ್ಚಾಗಿ ಅದನ್ನು ಪ್ಲೇಟಿನಿಂದ ಅದರ ಹಿಂತುದಿಯನ್ನು ಚಾಸಿಗೆ ಸೇರಿಸುವ ಶ್ಯಾಕಲ್ಲಿಗೆ, ಶ್ಯಾಕಲ್ಲಿನಿಂದ ಗಾಡಿಯ ಅಡಿಚೌಕಟ್ಟಾದ ಚಾಸಿಗೆ ದಾಟಿಸುತ್ತ ಬಂದಿದೆ ಎಂಬುದು ಈ ವಾಹನಗಳ ಚರಿತ್ರೆಯನ್ನು ನೋಡಿದಾಗ ಸ್ಪಷ್ಟವಾಗುತ್ತದೆ.

ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ ಕಟ್ಟಿದ ಸ್ಪ್ರಿಂಗು ಮೋಟಾರು ವಾಹನಕ್ಕಿಂತ ಹಳೆಯದು. ಲಂಡನ್ನಿನಲ್ಲಿ ಸಾರೋಟು ತಯಾರಿಸುತ್ತಿದ್ದ ಒಬದಯ್ಯ ಎಲಿಯಟ್ ಅಂಥ ಸ್ಪ್ರಿಂಗುಗಳ ಮೇಲೆ ಗಾಡಿಯನ್ನು ಕೂರಿಸುವ ವಿಧಾನಕ್ಕೆ 1804ರಲ್ಲೇ ಪೇಟೆಂಟ್ ಪಡೆದಿದ್ದ. ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನೆಗಾಗಿ ಜೀಪು ರೂಪುಗೊಂಡಾಗಲೂ ಅದಕ್ಕೆ ಇದೇ ಸ್ಪ್ರಿಂಗು ಬಂತು. 1941ರಿಂದ ತಯಾರಾದ ವಿಲ್ಲಿಸ್ ಜೀಪು ಸೇನೆಯ ಲೆಕ್ಕದಲ್ಲಿ ಕಾಲು ಟನ್ ವರ್ಗದ ವಾಹನ. ಅದರ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 80 ಇಂಚು, ಎಂದರೆ ಎರಡು ಮೀಟರಿಗಿಂತ ತುಸು ಹೆಚ್ಚು. ಕಾಲು ಟನ್ನಿಗಿಂತ ಹೆಚ್ಚಿನ ಸಾಮಾನಿದ್ದರೆ ಹಿಂದೆ ಕಟ್ಟಿ ಎಳೆಯಲು ಕಾಲು ಟನ್ನಿನದೇ ಪ್ರತ್ಯೇಕ ಟ್ರೈಲರ್ ಇತ್ತು. ನಾಲ್ಕು ಜನ ಮತ್ತು ಅವರ ಸಾಮಾನು ಹೊತ್ತು ಕೆಸರು ದಾಟಲೆಂದು ಮಾಡಿದ ಗಾಡಿಯಿದು. ಹಿಂದಿನ ಚಕ್ರಗಳಿಂದ ಆಚೆಗೆ ಭಾರ ಹೇರುವ ಯೋಚನೆ ಅದರ ವಿನ್ಯಾಸದಲ್ಲಿರಲಿಲ್ಲ.

ಸ್ವಾತಂತ್ರ್ಯದ ಆಸುಪಾಸಿನಲ್ಲಿ ಮಹೀಂದ್ರ ಕಂಪನಿ ಮುಂಬೈಯಲ್ಲಿ ಈ ಜೀಪನ್ನು ಜೋಡಿಸಲು ಆರಂಭಿಸಿ, ಮುಂದೆ ಇಲ್ಲಿಯೇ ತಯಾರಿಸಿತು. ಬಸ್ಸು ತಲುಪದ ಕಾಸರಗೋಡಿನ ಗುಡ್ಡೆಗಾಡಿಗೆ ಅದು ಬಂದಾಗ ಅದರ ಕೆಲಸವೇ ಬದಲಾಯಿತು. ಕಮಾಂಡರಿನಂಥ ಉದ್ದ ಬಾಡಿಯ ಮಾದರಿಗಳು ಬಂದ ಮೇಲಂತೂ ಹಿಂದಿನ ಎರಡು ಬೆಂಚುಗಳಲ್ಲಿ ಎದುರುಬದುರು ಕುಳಿತವರಲ್ಲದೆ ಹಿಂಬಾಗಿಲ ಮೆಟ್ಟಿಲ ಮೇಲೆ ನಿಂತು, ಮೇಲಿನ ಕಂಬಿ ಹಿಡಿದು ಹೋಗುವವರೂ ಸರ್ವಿಸ್ ಜೀಪಿನ ಮಾಮೂಲಿ ಪ್ರಯಾಣಿಕರಾದರು. ಪೇಟೆಯಿಂದ ಮರಳುವಾಗ ಅಕ್ಕಿ, ಹಿಂಡಿ, ಗೊಬ್ಬರ, ಪೇಟೆಗೆ ಹೋಗುವಾಗ ಅಡಿಕೆ ಗೋಣಿ. ಆ ಜೀಪುಗಳನ್ನು ಓಡಿಸಿದವರ ಕೌಶಲವನ್ನು ನಾನು ಮನಸಾರೆ ಗೌರವಿಸುತ್ತೇನೆ. ಅವರಿಲ್ಲದಿದ್ದರೆ ಎಷ್ಟೋ ಮನೆಗಳ ರೋಗಿಗಳು ಆಸ್ಪತ್ರೆ ಮುಟ್ಟುತ್ತಿರಲಿಲ್ಲ. ಆದರೆ ಮೆಟ್ಟಿಲ ಮೇಲೆ ನಿಂತವರ ಭಾರ ಬೀಳುತ್ತಿದ್ದುದು ಗಾಡಿಗೆ ಅತ್ಯಂತ ಕಷ್ಟವಾದ ಜಾಗದಲ್ಲಿ.

ಭಾರ ಎಷ್ಟು ಎಂಬಷ್ಟೇ ಅದು ಎಲ್ಲಿ ಬೀಳುತ್ತದೆ ಎಂಬುದೂ ಮುಖ್ಯ. ಹಿಂದಿನ ಆಕ್ಸಲ್ಲಿಗೆ ಸರಿಯಾಗಿ ಮೇಲೆ 100 ಕಿಲೋ ಇಟ್ಟರೆ ಅದಕ್ಕೆ ಬೀಳುವುದು 100 ಕಿಲೋ ಮಾತ್ರ. ಅದೇ 100 ಕಿಲೋವನ್ನು 80 ಇಂಚಿನ ಜೀಪಿನಲ್ಲಿ ಆಕ್ಸಲ್ಲಿನಿಂದ 75 ಸೆಂಟಿಮೀಟರ್ ಹಿಂದೆ, ಟ್ರೈಲರಿನ ಕೊಕ್ಕೆ ಇರುವಲ್ಲಿ ಹೇರಿದರೆ ಹಿಂದಿನ ಆಕ್ಸಲ್ಲಿಗೆ ಸುಮಾರು 137 ಕಿಲೋ ಬೀಳುತ್ತದೆ ಮತ್ತು ಮುಂದಿನ ಚಕ್ರಗಳ ಮೇಲಿಂದ 37 ಕಿಲೋ ಕಡಿಮೆಯಾಗುತ್ತದೆ. ತೋಟದ ಏತದ ಹಿಂತುದಿಗೆ ಕಟ್ಟಿದ ಕಲ್ಲು ಎದುರಿನ ತುದಿಯನ್ನು ಎತ್ತುವ ಹಾಗೆಯೇ ಇದು. ಸ್ಟಿಯರಿಂಗ್ ಹಗುರಾಗುವುದು, ಹೆಡ್‌ಲೈಟು ಎದುರಿನವರ ಕಣ್ಣಿಗೆ ಹೊಡೆಯುವುದು, ಇಳಿಜಾರಿನಲ್ಲಿ ಬ್ರೇಕ್ ಹಾಕಿದಾಗ ಮುಂದಿನ ಚಕ್ರ ಜಾರುವುದು, ಇವೆಲ್ಲವೂ ಆ ಕಳೆದುಹೋದ ಭಾರದ ಫಲ. ಏರು ಹತ್ತುವಾಗ ಭಾರ ಇನ್ನಷ್ಟು ಹಿಂದಕ್ಕೆ ವಾಲುತ್ತದೆ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಲು 200 ಲೀಟರಿನ ಡ್ರಮ್ಮನ್ನು ಅರ್ಧ ತುಂಬಿಸಿ ಹಿಂದೆ ಇಟ್ಟುಕೊಂಡು ಹೋಗುವಾಗ ಒಳಗಿನ ದ್ರಾವಣವೂ ಏರಿನಲ್ಲಿ ಹಿಂದಕ್ಕೆ ಬಂದು ನಿಲ್ಲುತ್ತದೆ.

ತುಂಡಾದ ಪ್ಲೇಟನ್ನು ಗ್ಯಾರೇಜಿನ ಮೂಲೆಗೆ ಎಸೆಯುವ ಮೊದಲು ಅದರ ಮುರಿದ ಮುಖವನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಬೇಕು. ಹೆಚ್ಚಿನ ಸಂದರ್ಭಗಳಲ್ಲಿ ಅದರ ಒಂದು ಭಾಗ ಕಂದು ತುಕ್ಕು ಹಿಡಿದು ನುಣುಪಾಗಿರುತ್ತದೆ, ಉಳಿದ ಭಾಗ ಮಾತ್ರ ಬೂದುಬಣ್ಣದಲ್ಲಿ ಹೊಳೆಯುತ್ತ ಹರಳು ಹರಳಾಗಿ ಕಾಣುತ್ತದೆ. ತುಕ್ಕಿನ ಭಾಗ ವಾರಗಳ ಅಥವಾ ತಿಂಗಳುಗಳ ಹಿಂದೆಯೇ ಬಿರುಕು ಬಿಟ್ಟದ್ದು. ಹೊಳೆಯುವ ಭಾಗ ಆ ದಿನ ಮುರಿದದ್ದು. ಅಂದಿನ ಹೊಂಡವೋ ಅಂದಿನ ಲೋಡೋ ಕಾರಣವೆಂದು ದೂರುವುದು ಸುಲಭವಾದರೂ, ಲೋಹ ದಣಿದದ್ದು ಅದಕ್ಕೆ ಮೊದಲೇ. ಬಿರುಕು ಹುಟ್ಟುವ ಜಾಗಗಳೂ ಸಾಮಾನ್ಯವಾಗಿ ನಿಶ್ಚಿತ: ನಡುವಿನ ಸೆಂಟರ್ ಬೋಲ್ಟಿನ ತೂತಿನ ಅಂಚು, ಪ್ಲೇಟುಗಳನ್ನು ಆಕ್ಸಲ್ಲಿಗೆ ಬಿಗಿಯುವ ಯು ಬೋಲ್ಟಿನ ಹಿಡಿತ ಮುಗಿಯುವ ಗೆರೆ, ಇಲ್ಲವೇ ಮೇಲಿನ ಪ್ಲೇಟಿನ ತುದಿಯ ಸುರುಳಿ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ನಮ್ಮ ಜಿಲ್ಲೆಯಲ್ಲಿ ಕೆಂಪುಮಣ್ಣಿನ ನುಣ್ಣನೆ ಕಣಗಳು ನೀರಿನೊಂದಿಗೆ ಪ್ಲೇಟುಗಳ ನಡುವೆ ಸೇರಿ ಒದ್ದೆಯಾಗಿಯೇ ಉಳಿಯುತ್ತವೆ, ಮತ್ತು ತುಕ್ಕು ಕೊರೆದ ಪ್ರತಿಯೊಂದು ಸಣ್ಣ ಗುಳಿಯೂ ಬಿರುಕಿಗೆ ಆರಂಭದ ಜಾಗವಾಗುತ್ತದೆ.

ಈಗ ಪ್ಲೇಟು ಸೇರಿಸುವ ವಿಚಾರ. ಪಟ್ಟಿಯ ಬಿಗಿತ ಅದರ ದಪ್ಪದ ಘನಕ್ಕೆ ಅನುಗುಣವಾಗಿ ಏರುತ್ತದೆ. 7 ಮಿಲಿಮೀಟರಿನ ಪಟ್ಟಿಯ ಬದಲು ಅದೇ ಅಗಲ, ಅದೇ ಉದ್ದದ 8 ಮಿಲಿಮೀಟರಿನ ಪಟ್ಟಿ ಹಾಕಿದರೆ ಬಿಗಿತ ಹೆಚ್ಚುಕಡಿಮೆ ಒಂದೂವರೆ ಪಟ್ಟಾಗುತ್ತದೆ. ಇಮ್ಮಡಿ ದಪ್ಪಕ್ಕೆ ಎಂಟು ಪಟ್ಟು. ಲಾರಿಯ ಹಳೆಯ ಪ್ಲೇಟನ್ನು ಕತ್ತರಿಸಿ ಜೀಪಿನ ಸೆಟ್ಟಿನೊಳಗೆ ತೂರಿಸಿದಾಗ ಎಲ್ಲ ಪ್ಲೇಟುಗಳೂ ಒಂದೇ ಅಳತೆಗೆ ಬಾಗಬೇಕಾಗುತ್ತದೆ, ಮತ್ತು ಒಂದೇ ಅಳತೆಗೆ ಬಾಗುವಾಗ ದಪ್ಪ ಪ್ಲೇಟಿನ ಮೇಲೆಯೇ ಹೆಚ್ಚು ಒತ್ತಡ ಬೀಳುತ್ತದೆ. ಬಲಕ್ಕೆಂದು ಹಾಕಿದ್ದೇ ಎಷ್ಟೋ ಸಲ ಮೊದಲು ತುಂಡಾಗುವುದು ಇದರಿಂದಾಗಿ. ಕಂಪನಿಯ ಸೆಟ್ಟಿನಲ್ಲಿ ಕೆಳಕೆಳಗಿನ ಗಿಡ್ಡ ಪ್ಲೇಟುಗಳಿಗೆ ಬಾಗು ಹೆಚ್ಚಿರುತ್ತದೆ. ಬೋಲ್ಟು ಬಿಗಿದಾಗ ಅವು ಮೇಲಿನ ಉದ್ದ ಪ್ಲೇಟನ್ನು ಎತ್ತಿ ಹಿಡಿದು ಅದರ ಹೊರೆಯನ್ನು ಹಗುರ ಮಾಡುತ್ತವೆ. ಹೊರಗಿನಿಂದ ತಂದು ಸೇರಿಸಿದ ಪ್ಲೇಟಿಗೆ ಈ ಹೊಂದಾಣಿಕೆ ಇರುವುದಿಲ್ಲ. ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ಬಾಗು ಏರಿಸುವ ಕ್ರಮ ಇನ್ನೂ ಅಪಾಯದ್ದು. ಸ್ಪ್ರಿಂಗಿನ ಉಕ್ಕಿಗೆ ಅದರ ಗುಣ ಬರುವುದು ಎಣ್ಣೆಯಲ್ಲಿ ತಣಿಸಿ ಮತ್ತೆ ನಿಶ್ಚಿತ ಶಾಖದಲ್ಲಿ ಹದಗೊಳಿಸುವುದರಿಂದ. ಕಾಯಿಸಿ ಹಾಗೆಯೇ ಆರಲು ಬಿಟ್ಟ ಪ್ಲೇಟು ಒಂದೆರಡು ಲೋಡಿನಲ್ಲಿ ಮತ್ತೆ ಚಪ್ಪಟೆಯಾಗುತ್ತದೆ.

ಇಷ್ಟೆಲ್ಲ ದಾಟಿ ಪ್ಲೇಟು ಗಟ್ಟಿಯಾಗಿಯೇ ನಿಂತಿತೆನ್ನೋಣ. ಆಗ ಹೊಂಡದ ಪೆಟ್ಟು ಸ್ಪ್ರಿಂಗಿನಲ್ಲಿ ಕರಗದೆ ನೇರವಾಗಿ ಶ್ಯಾಕಲ್ಲಿನ ಪಿನ್ನಿಗೆ, ಬುಶ್ಶಿಗೆ, ಚಾಸಿಗೆ ರಿವೆಟ್ ಹೊಡೆದ ಬ್ರ್ಯಾಕೆಟ್ಟಿಗೆ ಹೋಗುತ್ತದೆ. ಬಿಗಿ ಸ್ಪ್ರಿಂಗು ಮರುನೆಗೆಯುವ ರಭಸವನ್ನು ಹಳೆಯ ಶಾಕ್ ಅಬ್ಸಾರ್ಬರು ತಡೆಯಲಾರದು. ಕಲ್ಲುದಾರಿಯಲ್ಲಿ ಬಿಡುವಿಲ್ಲದೆ ದುಡಿದು ಅದರೊಳಗಿನ ಎಣ್ಣೆ ಬಿಸಿಯಾಗಿ ನೊರೆಗಟ್ಟುತ್ತದೆ, ಸೀಲು ಸೋರುತ್ತದೆ. ಯು ಬೋಲ್ಟು ಸಡಿಲವಾದರಂತೂ ಪ್ಲೇಟುಗಳನ್ನು ಜಾಗದಲ್ಲಿ ಹಿಡಿಯುವ ಹೊಣೆಯೆಲ್ಲ ಸಣ್ಣ ಸೆಂಟರ್ ಬೋಲ್ಟಿನ ಮೇಲೆ ಬಿದ್ದು ಅದು ಕತ್ತರಿಸಿಹೋಗುತ್ತದೆ ಮತ್ತು ಆಕ್ಸಲ್ಲು ಒಂದು ಬದಿಯಲ್ಲಿ ಹಿಂದೆ ಸರಿದು ಗಾಡಿ ಓರೆಯಾಗಿ ಓಡತೊಡಗುತ್ತದೆ.

ಜಗತ್ತಿನ ಬೇರೆಡೆ ಈ ಸಮಸ್ಯೆಗೆ ಇನ್ನೊಂದು ದಿಕ್ಕಿನಿಂದ ಉತ್ತರ ಹುಡುಕಲಾಯಿತು. 1970ರಲ್ಲಿ ಬಂದ ರೇಂಜ್ ರೋವರ್ ನಾಲ್ಕೂ ಕಡೆ ಸುರುಳಿಯಾಕಾರದ ಕಾಯಿಲ್ ಸ್ಪ್ರಿಂಗನ್ನು ಅಳವಡಿಸಿಕೊಂಡಿತು, ಮತ್ತು ಮೆದು ಕಾಯಿಲು ಭಾರಕ್ಕೆ ಕುಸಿಯುತ್ತದೆಂದು ಅರಿತೇ ಹಿಂದೆ ಎತ್ತರವನ್ನು ತಾನಾಗಿ ಸರಿಹೊಂದಿಸುವ ಒಂದು ಪ್ರತ್ಯೇಕ ಘಟಕವನ್ನೂ ಇಟ್ಟಿತು. ನಮ್ಮಲ್ಲಿ 2002ರ ಸ್ಕಾರ್ಪಿಯೋ, 2005ರ ಇನೋವಾ, 2020ರ ಹೊಸ ಥಾರ್ ಹಿಂಬದಿಗೆ ಕಾಯಿಲ್ ತಂದವು. ಕುಳಿತವರಿಗೆ ಅದು ಸುಖ, ಒರಟು ನೆಲದಲ್ಲಿ ಚಕ್ರ ನೆಲ ಬಿಡದಿರಲೂ ಸಹಾಯಕ. ಆದರೆ ಕೆಳಗೆ ಭಾರ ಹೆಚ್ಚಿದಾಗ ಮಾತ್ರ ಕೆಲಸಕ್ಕೆ ಬರುವ ಓವರ್‌ಲೋಡ್ ಪ್ಲೇಟು ಇರುವ ಪಿಕಪ್ಪಿನ ಸೆಟ್ಟು ಖಾಲಿ ಗಾಡಿಗೂ ತುಂಬಿದ ಗಾಡಿಗೂ ಒಗ್ಗಿಕೊಳ್ಳುವಷ್ಟು ಅದು ಒಗ್ಗುವುದಿಲ್ಲ. ಭಾರ ಹೊರುವ ಪಿಕಪ್‌ಗಳಲ್ಲಿ ಹಿಂದಿನ ಪ್ಲೇಟು ಇಂದಿಗೂ ಉಳಿದಿರುವುದು ಈ ಕಾರಣಕ್ಕೆ.

ಕಾಯಿಲಿನ ಒಳಗೆ ಅಥವಾ ಪ್ಲೇಟಿನ ಮೇಲೆ ಕೂರಿಸುವ ಗಾಳಿಚೀಲಗಳು ಈಗ ಸುಲಭವಾಗಿ ಸಿಗುತ್ತಿರುವುದರಿಂದ ಅವುಗಳ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. ಪ್ಲೇಟು ಸೆಟ್ಟು ಭಾರವನ್ನು ಚಾಸಿಯ ಎರಡು ಕಡೆಗೆ, ಮುಂದಿನ ಕಣ್ಣಿಗೂ (ತುದಿಯ ಸುರುಳಿಗೂ) ಹಿಂದಿನ ಶ್ಯಾಕಲ್ಲಿಗೂ ಹಂಚುತ್ತದೆ. ಆಕ್ಸಲ್ಲಿಗೆ ನೇರವಾಗಿ ಮೇಲಿರುವ ಗಾಳಿಚೀಲ ಅದನ್ನು ನಡುವಿನ ಒಂದೇ ಜಾಗದಲ್ಲಿ ಒತ್ತುತ್ತದೆ. ಕಾರವಾನು ಎಂಬ ಭಾರವಾದ ಮನೆಗಾಡಿಗಳನ್ನು ಹಿಂದೆ ಕಟ್ಟಿಕೊಂಡು ಒಳನಾಡಿನ ಮಣ್ಣುದಾರಿಗಳಲ್ಲಿ ದೂರ ಸಾಗುವ ಆಸ್ಟ್ರೇಲಿಯದ ಡಬಲ್ ಕ್ಯಾಬ್ ಪಿಕಪ್‌ಗಳಲ್ಲಿ ಕ್ಯಾಬಿನ್ನಿಗೂ ಹಿಂದಿನ ಸಾಮಾನಿನ ಡಬ್ಬಿಗೂ ನಡುವೆ ಚಾಸಿಯೇ ಬಗ್ಗಿದ ಪ್ರಕರಣಗಳು ಪರಿಚಿತವಾಗಿವೆ. ಹಿಂಬದಿ ಸಮವಾಗಿ ನಿಂತಿದೆಯೆಂದು ಕಂಡ ಕೂಡಲೇ ಭಾರ ಮಿತಿಯೊಳಗಿದೆ ಎಂದು ನಂಬಿಬಿಡುವುದೇ ಇಲ್ಲಿನ ದೊಡ್ಡ ಅಪಾಯ. ಸ್ಪ್ರಿಂಗಿಗೆ ಏನನ್ನೇ ಸೇರಿಸಿದರೂ ಆಕ್ಸಲ್ಲು, ಬೇರಿಂಗು, ಬ್ರೇಕು, ಟಯರುಗಳ ಸಾಮರ್ಥ್ಯ ಒಂದು ಕಿಲೋವೂ ಏರುವುದಿಲ್ಲ. ಕಾನೂನು ಕೂಡ ಇದನ್ನೇ ಹೇಳುತ್ತದೆ: ವಾಹನವನ್ನು ತಯಾರಕರ ಮೂಲ ನಮೂನೆಗೆ ವಿರುದ್ಧವಾಗಿ ಮಾರ್ಪಡಿಸುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಎತ್ತಿಹಿಡಿದ ಪ್ರಕರಣ ಕೇರಳದಿಂದಲೇ ಹೋದದ್ದು.

ಆದ್ದರಿಂದ ಗ್ಯಾರೇಜಿಗಿಂತ ಮೊದಲು ಹೋಗಬೇಕಾದದ್ದು ವಾಹನ ತೂಗುವ ವೇಬ್ರಿಜ್ಜಿಗೆ. ಎಂದಿನಂತೆ ಲೋಡು ಮಾಡಿ, ಟ್ರೈಲರ್ ಇದ್ದರೆ ಅದನ್ನೂ ಕೊಕ್ಕೆಗೆ ಸಿಕ್ಕಿಸಿಕೊಂಡು, ಗಾಡಿಯ ಹಿಂದಿನ ಎರಡು ಚಕ್ರಗಳನ್ನು ಮಾತ್ರ ತಟ್ಟೆಯ ಮೇಲೆ ನಿಲ್ಲಿಸಿ ತೂಗಿಸಿದರೆ ಆ ಆಕ್ಸಲ್ಲಿನ ಭಾರ ಸಿಗುತ್ತದೆ. ತಯಾರಕರು ಹಿಂದಿನ ಆಕ್ಸಲ್ಲಿಗೆ ಕೊಟ್ಟಿರುವ ಮಿತಿಯೊಂದಿಗೆ ಅದನ್ನು ಹೋಲಿಸಬೇಕು. ಮಿತಿ ಮೀರಿದ್ದರೆ ಹೊರೆ ಇಳಿಸದೆ ಬೇರೆ ದಾರಿಯಿಲ್ಲ. ಮಿತಿಯೊಳಗಿದ್ದೂ ಹಿಂಬದಿ ಕೂರುತ್ತಿದ್ದರೆ ಪ್ಲೇಟು ದಣಿದಿದೆ ಎಂದರ್ಥ. ಆಗ ಎರಡೂ ಬದಿಯ ಸೆಟ್ಟನ್ನು ಜೊತೆಯಾಗಿ, ಶಾಕ್ ಅಬ್ಸಾರ್ಬರಿನೊಂದಿಗೆ ಬದಲಿಸುವುದು ಸರಿಯಾದ ಕ್ರಮ. ಕೆಂಪುಕಲ್ಲು, ಹಸಿಗೊಬ್ಬರ, ಡ್ರಮ್ಮುಗಳನ್ನು ಆಕ್ಸಲ್ಲಿಗಿಂತ ಮುಂದೆ ಇಡಬೇಕು. ಟ್ರೈಲರಿನ ಒಟ್ಟು ತೂಕದ ಹತ್ತನೇ ಒಂದಂಶಕ್ಕಿಂತ ಹೆಚ್ಚು ಕೊಕ್ಕೆಯ ಮೇಲೆ ಬೀಳದಂತೆ ಲೋಡನ್ನು ಹಂಚಬೇಕು. ಇಪ್ಪತ್ತನೇ ಒಂದಂಶಕ್ಕಿಂತ ಕಡಿಮೆಯಾದರೆ ಟ್ರೈಲರು ಓಲಾಡತೊಡಗುತ್ತದೆ. ಹೊಸ ಪ್ಲೇಟು ಹಾಕಿಸಿದವರು ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಯು ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿಸಬೇಕು, ಏಕೆಂದರೆ ಹೊಸ ಪ್ಲೇಟುಗಳು ಪರಸ್ಪರ ಕುಳಿತು ಹೊಂದಿಕೊಳ್ಳುವಾಗ ಆ ಹಿಡಿತ ಸಡಿಲವಾಗುತ್ತದೆ.