ದಾನಿ ಎದೆಹಾಲು: ಡಬ್ಬಿ ಕೊಡುವವರೂ ದಾನಿಗಳಾ?

"ಎದೆಹಾಲು ದಾನ" ಅಂದರೆ ಮನೆಯ ಹಿರಿಯರು ಒಂದು ಕ್ಷಣ ಮುಖ ಮುಖ ನೋಡಿಕೊಳ್ಳುತ್ತಾರೆ. ಆಮೇಲೆ ಬಾಣಂತಿಗೆ ಹಾಲು ಇಳಿಯದಿದ್ದಾಗ ಚಿಕ್ಕಮ್ಮನೋ ಪಕ್ಕದ ಮನೆಯವರೋ ಮಗುವನ್ನು ಮಡಿಲಿಗೆ ಹಾಕಿಕೊಂಡು ಕುಡಿಸಿದ ಕಥೆಯನ್ನು ಅವರೇ ಹೇಳುತ್ತಾರೆ! ದಾನಿ ಎದೆಹಾಲು ಅನ್ನೋದು ಹೆಚ್ಚುಕಮ್ಮಿ ಅದೇ ಕೆಲಸ, ನಡುವೆ ಒಂದು ಆಸ್ಪತ್ರೆ ಇರುತ್ತದೆ ಅಷ್ಟೇ.

ತನ್ನ ಮಗು ಕುಡಿದು ಇನ್ನೂ ಹಾಲು ಮಿಕ್ಕುವ ತಾಯಿ ಅದನ್ನು ಮಿಲ್ಕ್ ಬ್ಯಾಂಕಿಗೆ ಕೊಡುತ್ತಾಳೆ. ಮೊದಲು ಅವಳ ರಕ್ತ ಪರೀಕ್ಷೆ: ಎಚ್‌ಐವಿ, ಹೆಪಟೈಟಿಸ್ ಬಿ, ಸಿಫಿಲಿಸ್ ಇಲ್ಲ ಅಂತ ಖಚಿತವಾಗಬೇಕು. ಹಾಲನ್ನು 62.5 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಇಟ್ಟು, ಬೇಗನೆ ತಣಿಸಿ, ಬ್ಯಾಕ್ಟೀರಿಯಾ ಉಳಿದಿದೆಯಾ ಅಂತ ನೋಡಿ, ಚೀಟಿ ಅಂಟಿಸಿ, ಮೈನಸ್ 20ರ ಫ್ರೀಜರ್‌ಗೆ ಹಾಕುತ್ತಾರೆ. ಕುದಿಸುವುದಿಲ್ಲ. ಈ ಹದವಾದ ಬಿಸಿಗೂ ಹಾಲಿನ ರೋಗ ತಡೆಯುವ ಗುಣ ಸ್ವಲ್ಪ ಹೋಗುತ್ತದೆ, ಹಾಗಾಗಿ ಹೆತ್ತ ತಾಯಿಯ ಹಾಲಿಗೆ ಇದು ಸಮ ಅಲ್ಲ. ಅದು ಸಿಗದಿದ್ದಾಗ ಎರಡನೆಯ ಆಯ್ಕೆ. ಡಬ್ಬಿ ಪುಡಿ ಮೂರನೆಯದು.

ಯಾರಿಗೆ ಕೊಡುತ್ತಾರೆ? ಕೇಳಿದವರಿಗೆಲ್ಲ ಅಲ್ಲ. ದಿನ ತುಂಬುವ ಮೊದಲೇ ಹುಟ್ಟಿದ, ಒಂದು ಒಂದೂವರೆ ಕೆಜಿ ತೂಕದ ಮಕ್ಕಳು, ತಾಯಿ ಐಸಿಯುನಲ್ಲಿರುವ ಅಥವಾ ತಾಯಿಯೇ ಇಲ್ಲದ ಮಕ್ಕಳು ಮೊದಲು. ಅಂಥ ಮಗುವಿಗೆ ಒಂದು ಸಲಕ್ಕೆ ಬೇಕಾಗುವುದು ಕೆಲವೇ ಮಿಲಿಲೀಟರ್. ಮೊದಮೊದಲು ಸಪೂರ ನಳಿಕೆಯಲ್ಲಿ, ಆಮೇಲೆ ನಮ್ಮ ಅಜ್ಜಿಯರು ಬಳಸುತ್ತಿದ್ದ ಒಳಲೆಯಲ್ಲಿ. (ಹೌದು, ಅದೇ ಮೂತಿ ಇರೋ ಒಳಲೆ. ಇಷ್ಟೆಲ್ಲ ಯಂತ್ರಗಳ ನಡುವೆ ಅದು ಇನ್ನೂ ಕೆಲಸಕ್ಕಿದೆ.) ಇಷ್ಟು ಎಳೆಯ ಮಕ್ಕಳ ಕರುಳು ಊದಿ ಕೊಳೆಯುವ ಒಂದು ಭಯಂಕರ ಕಾಯಿಲೆ ಇದೆ, ಪುಡಿ ಹಾಲು ಕುಡಿದವರಲ್ಲಿ ಅದು ಜಾಸ್ತಿ, ದಾನಿ ಹಾಲು ಕುಡಿದವರಲ್ಲಿ ಕಡಿಮೆ. ಇಷ್ಟೊಂದು ತಾಪತ್ರಯ ಪಡುವುದು ಮುಖ್ಯವಾಗಿ ಅದಕ್ಕೇ.

ಮುಂಬೈನ ಸಯನ್ ಆಸ್ಪತ್ರೆಯಲ್ಲಿ ಡಾ. ಅರ್ಮಿಡಾ ಫರ್ನಾಂಡಿಸ್ 1989ರಲ್ಲೇ ಇಂಥ ಮಿಲ್ಕ್ ಬ್ಯಾಂಕ್ ಶುರು ಮಾಡಿದರು. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯ 'ಅಮೃತಧಾರೆ' ಬಂದಿದ್ದು 2022ರಲ್ಲಿ. ಈ ಹಾಲನ್ನು ಮಾರುವ ಹಾಗಿಲ್ಲ ಅಂತ ಆಹಾರ ಸುರಕ್ಷತಾ ಪ್ರಾಧಿಕಾರ 2024ರ ಮೇನಲ್ಲಿ ಮತ್ತೊಮ್ಮೆ ಎಚ್ಚರಿಸಿತು.

ಈಗ ಇನ್ನೊಂದು ಬಗೆಯ ದಾನಿಯ ವಿಷಯ. ಮಕ್ಕಳ ಹಾಲಿನ ಪುಡಿ ಮಾಡುವ ಕಂಪನಿಗಳು. ಅವರೂ ಪುಕ್ಕಟೆ ಕೊಡುತ್ತಿದ್ದರು: ಆಸ್ಪತ್ರೆಗೆ ಡಬ್ಬಿ, ಡಾಕ್ಟರರ ಸಮ್ಮೇಳನಕ್ಕೆ ಖರ್ಚು. ಕೊಡೋದು ಒಳ್ಳೆಯದೇ ಅಲ್ವಾ ಅನ್ನಿಸುತ್ತದೆ. ಆದರೆ ಎದೆಹಾಲಿನ ಲೆಕ್ಕ ಬೇರೆ. ಮಗು ಚೀಪಿದಷ್ಟೂ ಹಾಲು ಬರುತ್ತದೆ, ಚೀಪದಿದ್ದರೆ ಬತ್ತುತ್ತದೆ. ಪುಕ್ಕಟೆ ಡಬ್ಬಿ ಒಂದು ವಾರ ನಡೆಯಿತು ಅಂದುಕೊಳ್ಳಿ. ಮಗುವಿನ ಹೊಟ್ಟೆ ಪುಡಿ ಹಾಲಲ್ಲೇ ತುಂಬಿ, ಅದು ಎದೆ ಚೀಪುವುದು ಕಡಿಮೆಯಾಗಿ, ಡಬ್ಬಿ ಖಾಲಿಯಾಗೋ ಹೊತ್ತಿಗೆ ಅಮ್ಮನ ಹಾಲೂ ಇಳಿದುಹೋಗಿರುತ್ತದೆ. ಎರಡನೇ ಡಬ್ಬಿಗೆ ದುಡ್ಡು ಕೊಡಲೇಬೇಕು. ಕೂಲಿ ಮಾಡುವ ಮನೆಯಲ್ಲಿ ಅದು ನಾಲ್ಕು ದಿನ ಜಾಸ್ತಿ ಬರಲಿ ಅಂತ ನೀರು ಜಾಸ್ತಿ ಹಾಕುತ್ತಾರೆ. ನೀರು ಶುದ್ಧ ಇಲ್ಲದಿದ್ದರೆ ಭೇದಿ. ಒಬ್ಬಳ ಎದೆಯಲ್ಲಿ ಮಿಕ್ಕಿದ್ದನ್ನು ಇನ್ನೊಂದು ಮಗುವಿಗೆ ಮುಟ್ಟಿಸುವುದೂ ದಾನ, ಇದ್ದ ಹಾಲನ್ನೇ ಬತ್ತಿಸುವುದೂ ದಾನ ಅಂದರೆ ಆ ಪದಕ್ಕೆ ಏನು ಬೆಲೆ?

1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಮಾರಾಟದ ವರಸೆಗೆ ಕಡಿವಾಣ ಹಾಕುವ ಸಂಹಿತೆ ತಂದಾಗ ವಿರುದ್ಧ ಮತ ಹಾಕಿದ್ದು ಅಮೆರಿಕ ಒಂದೇ. ನಮ್ಮ ಕಾಯ್ದೆ 1992ರದ್ದು, 2003ರಲ್ಲಿ ಇನ್ನಷ್ಟು ಬಿಗಿ ಮಾಡಿದರು. ಎರಡು ವರ್ಷದೊಳಗಿನ ಮಕ್ಕಳ ಪುಡಿಗೆ, ಹಾಲಿನ ಬಾಟಲಿಗೆ ಜಾಹೀರಾತು ಇಲ್ಲ. ಡಬ್ಬಿ ಮೇಲೆ ಮಗುವಿನ ಚಿತ್ರ ಇಲ್ಲ. ಪುಡಿಯನ್ನೋ ಬಾಟಲಿಯನ್ನೋ ಕಂಪನಿಗಳು ದಾನ ಮಾಡುವ ಹಾಗಿಲ್ಲ, ಅನಾಥಾಶ್ರಮ ಒಂದನ್ನು ಬಿಟ್ಟು. ಡಾಕ್ಟರರ ಸಂಘಗಳಿಗೆ ಸಮ್ಮೇಳನ, ಸಂಶೋಧನೆ, ಫೆಲೋಶಿಪ್ ಅಂತ ಸ್ಪಾನ್ಸರ್ ಮಾಡುವ ಹಾಗೂ ಇಲ್ಲ. ಪುಡಿಯನ್ನು ಮಾರಬಾರದು ಅಂತ ಎಲ್ಲೂ ಹೇಳಿಲ್ಲ, ನೋಡಿ. ಕೆಲವು ಮಕ್ಕಳಿಗೆ ಅದು ಬೇಕೇ ಬೇಕು, ಕುಡಿಸುವ ತಾಯಿಯನ್ನು ಯಾರೂ ಹಂಗಿಸಬೇಕಾಗಿಲ್ಲ.

ಅಷ್ಟಾದರೂ ನನ್ನ ತಂಗಿಯ ಡಿಸ್ಚಾರ್ಜ್ ದಿನ ಫೈಲಿನೊಳಗೆ ಒಂದು ಚೀಟಿ ಇತ್ತು, ಅದರಲ್ಲಿ ಒಂದು ಪುಡಿಯ ಹೆಸರು. ಅವಳಿಗೆ ಹಾಲು ಚೆನ್ನಾಗಿಯೇ ಬರುತ್ತಿತ್ತು. "ಸುಮ್ನೆ ಇರಲಿ ಅಂತ ಬರೆದಿದ್ದೀವಿ" ಅಂದರು ನರ್ಸ್.

ಮಕ್ಕಳ ಹೆಸರಲ್ಲಿ ನಡೆಯುವ ಶಿಬಿರಕ್ಕೆ ಹೋದರೆ ಬ್ಯಾನರಿನ ಕೆಳಗಿನ ಮೂಲೆಯನ್ನು ಒಮ್ಮೆ ನೋಡಿ. ಹಸುಗೂಸಿನ ಪುಡಿಯ ಜಾಹೀರಾತು ಅಲ್ಲಿ ಇರಲಿಕ್ಕಿಲ್ಲ. ಎರಡು ವರ್ಷ ದಾಟಿದ ಮಕ್ಕಳ ಪುಡಿಯದ್ದು ಇರಬಹುದು, ಅದಕ್ಕೆ ಈ ಕಾಯ್ದೆಯ ತಡೆ ಇಲ್ಲ. ಅಂಗಡಿಗೆ ಹೋಗಿ ಎರಡೂ ಡಬ್ಬಿಗಳನ್ನು ಪಕ್ಕಪಕ್ಕ ಇಡಿಸಿ ನೋಡಿ. ಎಷ್ಟೋ ಸಲ ಕಂಪನಿಯ ಹೆಸರು ಒಂದೇ, ಬಣ್ಣವೂ ಒಂದೇ, ಬೇರೆ ಇರೋದು ಹೆಸರಿನ ಮುಂದಿನ ನಂಬರ್ ಮಾತ್ರ.