ಹಿಡಿಯಲೂ ಬೇಕು, ಬಿಡಲೂ ಬೇಕು

1885ರಲ್ಲಿ ಜರ್ಮನಿಯ ಪಾಲ್ ಎರ್ಲಿಶ್ ಪ್ರಾಣಿಗಳ ರಕ್ತಕ್ಕೆ ಬಣ್ಣ ಸೇರಿಸಿ ನೋಡಿದರು. ಮೈಯೊಳಗಿನ ಅಂಗಗಳೆಲ್ಲ ಬಣ್ಣಕ್ಕೆ ತಿರುಗಿದವು, ಮೆದುಳು ಮಾತ್ರ ಹಾಗೇ ಉಳಿಯಿತು. ಮೆದುಳಿಗೆ ಬಣ್ಣ ಹತ್ತುವುದಿಲ್ಲವೇನೋ ಅಂದುಕೊಂಡರು. 1913ರಲ್ಲಿ ಅವರ ಶಿಷ್ಯ ಎಡ್ವಿನ್ ಗೋಲ್ಡ್‌ಮನ್ ಬಣ್ಣವನ್ನು ಮೆದುಳಿನ ಸುತ್ತಲಿನ ದ್ರವಕ್ಕೇ ಹಾಕಿದರು. ಈ ಸಲ ಮೆದುಳಿಗೆ ಬಣ್ಣ ಬಂತು, ಉಳಿದ ಮೈಗೆ ಬರಲಿಲ್ಲ. ಅಂದರೆ ನಡುವೆ ಏನೋ ಅಡ್ಡ ಇದೆ, ಅಲ್ವಾ?

ಆ ಅಡ್ಡ ಇರುವುದು ಮೆದುಳಿನ ಸಣ್ಣ ರಕ್ತನಾಳಗಳ ಗೋಡೆಯಲ್ಲೇ. ಅಲ್ಲಿ ಜೀವಕೋಶಗಳು ಸಂದಿಲ್ಲದಂತೆ ಒಂದಕ್ಕೊಂದು ಹೆಣೆದುಕೊಂಡಿವೆ. ಗ್ಲೂಕೋಸ್, ಕಬ್ಬಿಣದಂಥವಕ್ಕೆ ಬೇರೆ ದಾರಿಯಿದೆ. ಕಬ್ಬಿಣ ಹೊತ್ತು ತರುವ ಟ್ರಾನ್ಸ್‌ಫೆರಿನ್ ಎಂಬ ಪ್ರೋಟೀನನ್ನು ಹಿಡಿದು ಒಳಗೆಳೆಯಲು ಗೋಡೆಯ ಮೇಲೆ ರಿಸೆಪ್ಟರ್‌ಗಳೆಂಬ ಕೊಕ್ಕೆಗಳಿವೆ.

ಜೀನ್ ಕೆಟ್ಟು ಬರುವ ಮೆದುಳಿನ ಕಾಯಿಲೆಗೆ ಸರಿಯಾದ ಜೀನ್ ಕಳಿಸಬೇಕು ಅನ್ನಿ. ಸುಮ್ನೆ ಡಿಎನ್‌ಎ ಬಿಟ್ಟರೆ ರಕ್ತದಲ್ಲಿರುವ ಕಿಣ್ವಗಳು ಕತ್ತರಿಸಿ ಹಾಕುತ್ತವೆ. ಅದಕ್ಕೇ ಕೊಬ್ಬಿನ ಅಥವಾ ಪಾಲಿಮರ್‌ನ ನ್ಯಾನೋಕಣದೊಳಗೆ ಮಡಚಿಡುತ್ತಾರೆ. ಗಾತ್ರ ಸುಮಾರು 100 ನ್ಯಾನೋಮೀಟರ್, ಕೂದಲ ದಪ್ಪದ ಹೆಚ್ಚುಕಡಿಮೆ ಸಾವಿರದಲ್ಲೊಂದು ಪಾಲು. ಜೀನ್ ಹೊರಲು ಪಳಗಿಸಿದ ಎಎವಿ ಎಂಬ ಪುಟ್ಟ ವೈರಸ್ಸೂ ಈ ಕೆಲಸ ಮಾಡುತ್ತದೆ. ಆದರೆ ಅದರೊಳಗೆ ಹಿಡಿಸುವುದು ಸುಮಾರು 4,700 ಅಕ್ಷರಗಳಷ್ಟು ಡಿಎನ್‌ಎ ಮಾತ್ರ.

ಕಣದ ಮೈಗೆ ಟ್ರಾನ್ಸ್‌ಫೆರಿನ್ ಅಂಟಿಸಿದರೆ ಗೋಡೆ ಮೋಸಹೋಗಿ ಒಳಗೆಳೆದುಕೊಳ್ಳುತ್ತದೆ. ಜಾಸ್ತಿ ಅಂಟಿಸಿದಷ್ಟೂ ಒಳ್ಳೆಯದು ಅಂತ ಯಾರಿಗಾದರೂ ಅನ್ನಿಸೀತು. ಆದದ್ದು ಉಲ್ಟಾ! 2013ರಲ್ಲಿ ಇಲಿಗಳಿಗೆ ಚಿನ್ನದ ನ್ಯಾನೋಕಣ ಕೊಟ್ಟು ನೋಡಿದಾಗ, ಜಾಸ್ತಿ ಟ್ರಾನ್ಸ್‌ಫೆರಿನ್ ಇದ್ದು ತೀರಾ ಬಿಗಿಯಾಗಿ ಹಿಡಿದ ಕಣಗಳು ಗೋಡೆಗೇ ಕಚ್ಚಿಕೊಂಡು ಕೂತವು. ಹದವಾಗಿ ಹಿಡಿದವು ಆಚೆ ಬದಿಯಲ್ಲಿ ಕೈಬಿಟ್ಟು ಮೆದುಳು ಸೇರಿದವು. ಈ ಇಡೀ ವಿಷಯದಲ್ಲಿ ನನಗೆ ಬಹಳ ಹಿಡಿಸಿದ್ದು ಇದೇ.

ಆದರೂ ಮೆದುಳು ತಲುಪುವ ಪಾಲು ಸಣ್ಣದು. ಹೆಚ್ಚಿನವು ಲಿವರ್‌ನಲ್ಲೇ ಇಳಿದುಬಿಡುತ್ತವೆ. 2018ರಲ್ಲಿ ಒಪ್ಪಿಗೆ ಪಡೆದ, ಕೊಬ್ಬಿನ ಕಣದಲ್ಲಿ ಆರ್‌ಎನ್‌ಎ ಒಯ್ಯುವ ಪ್ಯಾಟಿಸಿರಾನ್ ಔಷಧ ಕೆಲಸ ಮಾಡುವುದೂ ಲಿವರ್‌ನಲ್ಲಿಯೇ.

ನರಕೋಶ ಸೇರಿದ ಮೇಲೂ ಕಣ ಒಂದು ಪುಟ್ಟ ಚೀಲದೊಳಗೆ ಸಿಕ್ಕಿಕೊಂಡಿರುತ್ತದೆ. ರಕ್ತದಲ್ಲಿ ಗಟ್ಟಿಯಾಗಿದ್ದ ಪೊಟ್ಟಣ ಇಲ್ಲಿ ಬಿಚ್ಚಿಕೊಳ್ಳಬೇಕು. ಚೀಲದೊಳಗೆ ಹುಳಿ ಇರುತ್ತದೆ, ಅದಕ್ಕೇ ಹುಳಿ ತಗುಲಿದರೆ ವಿದ್ಯುದಂಶ ಪಡೆಯುವ ಕೊಬ್ಬು ಬಳಸುತ್ತಾರೆ. ಅದು ಚೀಲವನ್ನು ಹರಿದುಹಾಕುತ್ತದೆ. ಆಮೇಲೆ ಡಿಎನ್‌ಎ ಕೋಶಕೇಂದ್ರದೊಳಗೆ ಹೋಗಬೇಕು. ಬೇರೆ ಕೋಶಗಳು ಒಡೆದು ಎರಡಾಗುವಾಗ ಕೇಂದ್ರದ ಪೊರೆ ಕರಗುತ್ತದೆ. ನರಕೋಶಗಳೋ, ಒಡೆಯುವುದೇ ಇಲ್ಲ, ಹಾಗಾಗಿ ಆ ದಾರಿ ಇಲ್ಲಿ ಸಿಗುವುದಿಲ್ಲ. ಡಿಎನ್‌ಎ ಬದಲು ಅದರ ನಕಲು ಪ್ರತಿಯಾದ ಎಂಆರ್‌ಎನ್‌ಎ ಕಳಿಸಿದರೆ ಕೇಂದ್ರದ ಗೊಡವೆ ಇಲ್ಲ, ಆದರೆ ಕೆಲವೇ ದಿನಗಳಲ್ಲಿ ಅದು ಕರಗಿಹೋಗುತ್ತದೆ. ಮತ್ತೆ ಮತ್ತೆ ಸೂಜಿ ಚುಚ್ಚಬೇಕು, ಪ್ರತಿ ಸಲವೂ ಅದೇ ಗೋಡೆ ದಾಟಬೇಕು.